ವಿಶ್ವಾಸದ ಹೊಣೆ



ಈ ಸಾಯಂಕಾಲ ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯವು ಮೇಲುನೋಟಕ್ಕೆ ಒಂದು ಸಣ್ಣ ಸಮುದಾಯದ ಮನೆಯೊಳಗಿನ ಮಾತಿನಂತೆ ತೋರಬಹುದು. ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು ತನ್ನ ಕ್ರೈಸ್ತ ವಿಶ್ವಾಸಕ್ಕೆ ತಾನೇ ಹೊಣೆಗಾರನಾಗುವುದು ಎಂದರೇನು, ಅದು ಏತಕ್ಕೆ ಬೇಕು—ಇದೇ ಆ ವಿಷಯ. ಆದರೆ ಹುಟ್ಟಿನೊಡನೆಯೇ ಒಂದು ಧರ್ಮವನ್ನು ಪಡೆದುಕೊಂಡವರು ಕ್ರೈಸ್ತರು ಮಾತ್ರವೆ? ನಮ್ಮಲ್ಲಿ ಬಹುಮಂದಿ ದೇವರ ಹೆಸರನ್ನು ಕಲಿತದ್ದು ತಾಯಿಯ ತೊಡೆಯ ಮೇಲೆ. ಪೂಜೆಯ ಕ್ರಮವನ್ನು ಕಲಿತದ್ದು ತಂದೆಯ ಬೆನ್ನ ಹಿಂದೆ ನಿಂತು. ಆದಕಾರಣ ಅನ್ಯಮತದ ಶ್ರೋತೃಗಳು ನಾನು ‘ಕ್ರೈಸ್ತ’ ಎಂದ ಕಡೆ ತಮ್ಮ ತಮ್ಮ ಮತದ ಹೆಸರನ್ನಿಟ್ಟುಕೊಂಡು ಕೇಳಬಹುದು. ಯಾರನ್ನೂ ಒಂದು ಮತದಿಂದ ಮತ್ತೊಂದಕ್ಕೆ ಕರೆಯುವುದು ನನ್ನ ಉದ್ದೇಶವಲ್ಲ. ಅವರವರು ನಿಂತಿರುವ ನೆಲದಲ್ಲಿ ಅವರವರ ಕಾಲು ಊರಿದೆಯೆ ಎಂದು ನೋಡಿಕೊಳ್ಳುವುದಷ್ಟೇ ಇಲ್ಲಿಯ ವಿಚಾರ.

ಮೊದಲು ನನ್ನ ಮನೆಯ ಒಂದು ಸಂಗತಿಯನ್ನು ಅರಿಕೆಮಾಡುತ್ತೇನೆ.

ನಮ್ಮ ತಂದೆಯವರು ತುಮಕೂರು ಸೀಮೆಯ ಒಂದು ಹಳ್ಳಿಯಿಂದ ಬೆಂಗಳೂರಿಗೆ ಬಂದು, ಮಾಗಡಿ ರಸ್ತೆಯ ಕಡೆಯ ಒಂದು ಗಿರಣಿಯಲ್ಲಿ ಕೆಲಸಕ್ಕೆ ಸೇರಿದವರು. ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು ೧೯೪೯ರಲ್ಲಿ ಆರಂಭವಾದ ರಾಜಾಜಿನಗರದಲ್ಲಿ, ಬಹಳ ವರ್ಷ ಬಾಡಿಗೆಗಿದ್ದು, ಕೊನೆಗೆ ಎರಡು ಅಂಕಣದ ಒಂದು ಮನೆಯನ್ನು ಕೊಂಡರು. ಆ ಮನೆಯಲ್ಲಿ ಪ್ರತಿರಾತ್ರಿ ಎಂಟು ಗಂಟೆಗೆ ಕುಟುಂಬಪ್ರಾರ್ಥನೆ. ಸತ್ಯವೇದದ ಒಂದು ಅಧ್ಯಾಯ, ಒಂದು ಕೀರ್ತನೆ, ಆಮೇಲೆ ತಂದೆಯವರ ಪ್ರಾರ್ಥನೆ. ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ದೇಶವನ್ನಾಳುವವರು; ಬಳಿಕ ಸಭಾಪಾಲಕರು; ಬಳಿಕ ನಮ್ಮ ಬೀದಿಯಲ್ಲಿ ಕಾಯಿಲೆ ಬಿದ್ದವರು—ಅವರು ಯಾವ ಮತದವರಾದರೂ ಸರಿ, ಹೆಸರು ಹಿಡಿದು; ಬಳಿಕ ಮಕ್ಕಳಾದ ನಾವು; ಕೊನೆಗೆ ಒಂದೇ ಮಾತಿನಲ್ಲಿ ತಾವು. ಮೂವತ್ತು ವರ್ಷ ಅದನ್ನು ಕೇಳಿದೆ. ನನಗೆ ಅದು ಬಾಯಿಪಾಠವಾಗಿತ್ತು.

ತಂದೆಯವರನ್ನು ಮಣ್ಣುಮಾಡಿ ಬಂದ ರಾತ್ರಿ ಎಂಟು ಗಂಟೆಯಾಯಿತು. ತಾಯಿಯವರು ಸತ್ಯವೇದವನ್ನು ತಂದು ನನ್ನ ಮುಂದೆ ಇಟ್ಟು, “ಇನ್ನು ನೀನೇ ಮಾಡಪ್ಪ” ಎಂದರು. ಅಧ್ಯಾಯವನ್ನು ಓದಿದೆ. ಕಣ್ಣು ಮುಚ್ಚಿ ಪ್ರಾರ್ಥನೆಗೆ ಬಾಯಿ ತೆರೆದೊಡನೆ ತಂದೆಯವರ ಮಾತುಗಳೇ, ಅದೇ ಕ್ರಮದಲ್ಲಿ, ತಡೆಯಿಲ್ಲದೆ ಬಂದುವು. ದೇಶವಾಯಿತು, ಸಭೆಯಾಯಿತು, ಬೀದಿಯಾಯಿತು. ಆಮೇಲೆ ಮಕ್ಕಳ ಸರದಿ ಬಂತು. ನನ್ನ ಬಾಯಿಂದಲೇ ನನ್ನ ಹೆಸರು ಬಂತು—“ಈ ಮಗನು ನಿನ್ನನ್ನು ತಾನಾಗಿ ಅರಿಯುವಂತೆ ಮಾಡು” ಎಂದು. ಅಲ್ಲಿಗೆ ನನ್ನ ಮಾತು ನಿಂತುಹೋಯಿತು. ಅದು ನನ್ನ ತಂದೆ ನನಗಾಗಿ ಮಾಡುತ್ತಿದ್ದ ಬೇಡಿಕೆ. ಅದನ್ನು ನಾನು ಯಾರಿಗಾಗಿ ಮಾಡುತ್ತಿದ್ದೇನೆ? ಮುಂದಕ್ಕೆ ನನ್ನದೆನ್ನುವ ಒಂದು ಮಾತೂ ಹೊಳೆಯಲಿಲ್ಲ. ತಾಯಿಯವರು ಎರಡು ಮಾತಿನಲ್ಲಿ ಪ್ರಾರ್ಥನೆಯನ್ನು ಮುಗಿಸಿ ಎದ್ದರು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ, ಹಳ್ಳಿಯಲ್ಲಿದ್ದ ಚೂರು ಜಮೀನಿನ ಕಾಗದಪತ್ರ ನೋಡಲು ಹೋದೆ. ಅದು ತಂದೆಯವರ ಹೆಸರಿನಲ್ಲಿಯೂ ಇರಲಿಲ್ಲ. ತೀರಿಕೊಂಡು ದಶಕಗಳಾಗಿದ್ದ ಅಜ್ಜನವರ ಹೆಸರಿನಲ್ಲಿಯೇ ಇತ್ತು. ಲೆಕ್ಕ ನೋಡುತ್ತಿದ್ದವರು, “ಉಳುವವರು ನೀವೇ ಇರಬಹುದು ಸ್ವಾಮಿ, ಆದರೆ ಪುಸ್ತಕದಲ್ಲಿ ನೀವು ಇಲ್ಲವಲ್ಲ, ಪೌತಿ ಖಾತೆ ಮಾಡಿಸಿಕೊಳ್ಳಿ” ಎಂದರು. ಸತ್ತವರ ಹೆಸರಿನಲ್ಲಿರುವ ಭೂಮಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ನಮ್ಮ ಕಡೆ ಪೌತಿ ಖಾತೆಯೆಂದು ಹೆಸರು. ಅದು ತಾನಾಗಿ ಆಗತಕ್ಕದ್ದಲ್ಲ. ವಾರಸುದಾರನು ಹೋಗಿ ಕೇಳಬೇಕು. ತಾನು ಯಾರೆಂದು ತೋರಿಸಬೇಕು. ಆಮೇಲೆ ಕಂದಾಯವನ್ನು ತನ್ನ ಹೆಸರಿನಲ್ಲಿ ಕಟ್ಟುತ್ತ ಬರಬೇಕು. ಹಿಂದಿರುಗುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ನನಗೆ ತಿಳಿದದ್ದು ಇದು: ನನ್ನ ವಿಶ್ವಾಸವೂ ಸತ್ತವರ ಹೆಸರಿನಲ್ಲಿಯೇ ಉಳಿದಿತ್ತು. ಅದರ ಫಲವನ್ನು ಉಣ್ಣುತ್ತಿದ್ದೆ. ಅದರ ಕಂದಾಯವನ್ನು ಒಮ್ಮೆಯೂ ಕಟ್ಟಿರಲಿಲ್ಲ.

ಈ ಅಪಾಯವನ್ನು ಕ್ರೈಸ್ತ ಸಭೆಯು ಬಹು ಹಿಂದೆಯೇ ಕಂಡುಕೊಂಡಿತ್ತು. ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವ ಸಭೆಗಳಲ್ಲಿ ಮಗುವಿನ ಪರವಾಗಿ ತಂದೆತಾಯಿಗಳೂ ಜ್ಞಾನಪಿತೃಗಳೂ ಉತ್ತರ ಹೇಳುತ್ತಾರೆ. “ನಂಬುತ್ತೀಯಾ?” ಎಂಬ ಪ್ರಶ್ನೆ ಮಗುವಿನದು, “ನಂಬುತ್ತೇನೆ” ಎಂಬ ಬಾಯಿ ಮತ್ತೊಬ್ಬರದು. ಈ ಸಾಲವು ಹಾಗೆಯೇ ಉಳಿಯಬಾರದೆಂದು ದೃಢೀಕರಣವೆಂಬ ಸಂಸ್ಕಾರವುಂಟು. ಮಗುವು ಬೆಳೆದು, ತಿಳುವಳಿಕೆ ಬಂದಮೇಲೆ, ಅಂದು ತನ್ನ ಪರವಾಗಿ ಇತರರು ಕೊಟ್ಟ ಮಾತನ್ನು ಸಭೆಯ ಮುಂದೆ ನಿಂತು ತನ್ನ ಮಾತಾಗಿ ಮಾಡಿಕೊಳ್ಳುತ್ತದೆ. ಬೇರೆಬೇರೆ ಸಭೆಗಳಲ್ಲಿ ಇದರ ವಿಧಿಯೂ ಅರ್ಥವೂ ಸ್ವಲ್ಪ ಬೇರೆಬೇರೆ. ವಯಸ್ಸು ಬಂದವರಿಗೆ ಮಾತ್ರ ದೀಕ್ಷಾಸ್ನಾನ ಮಾಡಿಸುವ ಸಭೆಗಳೂ ಉಂಟು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಮ್ಮತ: ಬೇರೊಬ್ಬರ ಬಾಯಿಂದ ಕೊನೆಯವರೆಗೂ ನಂಬುವುದಕ್ಕಾಗದು.

ಏರ್ಪಾಡು ಉಚಿತವಾದದ್ದೇ. ಆದರೆ ಏರ್ಪಾಡು ಎಷ್ಟೇ ಉಚಿತವಾಗಿದ್ದರೂ ಅದನ್ನು ಬಾಯಿಪಾಠವಾಗಿ ಮಾಡಿಬಿಡುವ ಜಾಣತನ ಮನುಷ್ಯನಿಗುಂಟು. ನನ್ನ ದೃಢೀಕರಣದ ದಿನ ನಾವು ಹದಿನಾಲ್ಕು ಮಂದಿ ಸಾಲಾಗಿ ನಿಂತು ಒಂದೇ ಸ್ವರದಲ್ಲಿ ಉತ್ತರ ಹೇಳಿದೆವು. ಉತ್ತರಗಳಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಹೊಸ ಬಟ್ಟೆ, ಮಧ್ಯಾಹ್ನದ ಊಟ, ನೆಂಟರ ಬರವು—ಇವೆಲ್ಲ ನನಗೆ ಚೆನ್ನಾಗಿ ನೆನಪಿವೆ. ಆ ದಿನ ನಾನು ಯಾವುದಾದರೂ ಒಂದು ಹೊಣೆಯನ್ನು ಹೊತ್ತೆನೆಂಬುದು ಮಾತ್ರ ನೆನಪಿಲ್ಲ.

ಇದು ಅಲ್ಪರಿಗೆ ಮಾತ್ರ ಸಂಭವಿಸತಕ್ಕ ದೋಷವೂ ಅಲ್ಲ. ತುಮಕೂರು, ಗುಬ್ಬಿ ಮೊದಲಾದ ಕಡೆಗಳಲ್ಲಿ ಕೆಲಸಮಾಡಿದ ವೆಸ್ಲಿಯನ್ ಮಿಶನ್ನು ಯಾರ ಹೆಸರನ್ನು ಹೊತ್ತಿತ್ತೋ ಆ ಜಾನ್ ವೆಸ್ಲಿಯವರ ಕಥೆಯನ್ನು ನೋಡಿ. ತಂದೆ ಸಭಾಪಾಲಕರು, ತಾಯಿ ಸುಸಾನಳು ಮಕ್ಕಳಿಗೆ ತಾನೇ ಪಾಠ ಹೇಳಿದ ಮಹಾಸಾಧ್ವಿ. ವೆಸ್ಲಿ ತಾವೂ ಆಕ್ಸ್‌ಫರ್ಡಿನಲ್ಲಿ ಓದಿ ೧೭೨೮ರಲ್ಲಿ ಗುರುಪಟ್ಟ ಪಡೆದರು. ಅಮೆರಿಕದ ಜಾರ್ಜಿಯಾ ವಸಾಹತಿಗೆ ಧರ್ಮಬೋಧಕರಾಗಿ ಹೋಗಿಬಂದರು. ಇಷ್ಟೆಲ್ಲ ಆದಮೇಲೆ, ೧೭೩೮ನೆಯ ಮೇ ೨೪ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಯಾರೋ ಲೂಥರನ ಬರಹವನ್ನು ಓದುತ್ತಿರುವಾಗ, ಕ್ರಿಸ್ತನು ಲೋಕಕ್ಕಾಗಿ ಮಾಡಿದ್ದು ತನಗಾಗಿಯೂ ಹೌದು ಎಂಬ ಭರವಸೆ ಅವರಿಗೆ ಮೊದಲ ಬಾರಿ ಉಂಟಾಯಿತು. ಆಗ ಅವರಿಗೆ ವಯಸ್ಸು ಮೂವತ್ತನಾಲ್ಕು. ಇತರರಿಗೆ ಹತ್ತು ವರ್ಷ ಬೋಧಿಸಿದವರಿಗೆ ತಮ್ಮ ಪಾಲಿನ ಮಾತು ಅಂದು ತಟ್ಟಿತು.

ಯೋಹಾನನು ಬರೆದ ಸುವಾರ್ತೆಯಲ್ಲಿ ಇದೇ ಅರ್ಥದ ಒಂದು ಪ್ರಸಂಗವುಂಟು. ಸಮಾರ್ಯ ಸೀಮೆಯ ಒಬ್ಬ ಹೆಂಗಸು ನಡುಮಧ್ಯಾಹ್ನ ನೀರಿಗೆಂದು ಬಾವಿಗೆ ಬಂದಾಗ ಯೇಸುವನ್ನು ಕಂಡು ಮಾತನಾಡಿ, ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿ ಜನರನ್ನು ಕರೆತರುತ್ತಾಳೆ. ಅವಳ ಮಾತನ್ನು ಕೇಳಿ ಕೆಲವರು ನಂಬುತ್ತಾರೆ. ಊರಿನವರ ಬೇಡಿಕೆಯಂತೆ ಯೇಸು ಎರಡು ದಿನ ಅಲ್ಲಿ ತಂಗುತ್ತಾನೆ. ಆಮೇಲೆ ಊರವರು ಅವಳಿಗೆ, ಈಗ ನಾವು ನಂಬುವುದು ನಿನ್ನ ಮಾತಿನ ಮೇಲಲ್ಲ, ನಾವೇ ಕಿವಿಯಾರೆ ಕೇಳಿದ್ದೇವೆ ಎನ್ನುತ್ತಾರೆ. ಬಾಲ್ಯದಲ್ಲಿ ಇದನ್ನು ಕೇಳಿದಾಗ ಆ ಹೆಂಗಸಿನ ಬಗ್ಗೆ ನನಗೆ ಕನಿಕರವಾಗುತ್ತಿತ್ತು. ಕರೆತಂದವಳಿಗೆ ಇದೆಂಥ ಕೃತಜ್ಞತೆ ಎಂದು. ಈಗ ತೋರುವುದು ಬೇರೆ. ಅವಳ ಕೆಲಸ ಪೂರ್ಣವಾದದ್ದೇ ಆ ಮಾತಿನಲ್ಲಿ. ತನ್ನ ಮಾತಿನ ಆಧಾರ ಇನ್ನು ಬೇಡವೆನ್ನುವಂತೆ ಮಾಡಿದವಳೇ ನಿಜವಾಗಿ ದಾರಿ ತೋರಿಸಿದವಳು. ತಾಯಿತಂದೆಗಳಿಗೂ ಗುರುಗಳಿಗೂ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯವಿರಲಾರದು.

ಇನ್ನು ನಮ್ಮ ಕನ್ನಡನಾಡಿನ ಕಡೆಗೆ ಬರೋಣ.

೧೮೪೪ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರೆಂಬ ತರುಣರು ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನ ಪಡೆದರು. ಗುರುಗಳಾದ ಹರ್ಮನ್ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅವರಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಹೋಗಿ ಓದಿ, ೧೮೫೧ರಲ್ಲಿ ಪಟ್ಟ ಪಡೆದು ಹಿಂದಿರುಗಿದರು. ಮಂಗಳೂರಿನಲ್ಲಿ ಬೋಧಕರಾಗಿದ್ದು, ಕೊಡಗಿನ ಆನಂದಪುರದ ಬಡಜನರ ನಡುವೆಯೂ ಸೇವೆ ಮಾಡಿದರು. ಅವರ ನಿರ್ಧಾರವನ್ನು ಒಪ್ಪುವುದೂ ಬಿಡುವುದೂ ಶ್ರೋತೃಗಳಿಗೆ ಬಿಟ್ಟದ್ದು. ಅವರನ್ನು ಕಳೆದುಕೊಂಡ ಮನೆಯವರ ದುಃಖವನ್ನು ಕಡೆಗಣಿಸುವುದೂ ನ್ಯಾಯವಲ್ಲ. ನಾನು ಎತ್ತಿಹೇಳುವುದು ಒಂದೇ ಅಂಶ: ಆ ವಿಶ್ವಾಸದ ಬೆಲೆಯನ್ನು ಅವರ ಪರವಾಗಿ ಬೇರೆ ಯಾರೂ ತೆರಲಿಲ್ಲ.

ಆದರೆ ಇಲ್ಲೊಂದು ತೊಡಕುಂಟು. ಬೆಲೆ ತೆತ್ತು ಕೊಂಡವನ ಮೊಮ್ಮಕ್ಕಳಿಗೆ ಅದೇ ವಸ್ತು ಬಿಟ್ಟಿಯಾಗಿ ದೊರೆಯುತ್ತದೆ. ಮೊದಲ ತಲೆಮಾರಿನವರು ಧರ್ಮಕ್ಕಾಗಿ ಮನೆಯನ್ನು ಕಳೆದುಕೊಂಡರು. ಮೂರನೆಯ ತಲೆಮಾರಿನವರಿಗೆ ಮನೆಯೇ ಧರ್ಮವಾಯಿತು. ಇದು ಯಾರದೂ ತಪ್ಪೆನ್ನುವಂತಿಲ್ಲ. ಬಾಸೆಲ್ ಮಿಶನ್ನನ್ನೇ ತೆಗೆದುಕೊಳ್ಳಿ. ಕುಲವೃತ್ತಿಯೂ ಕುಟುಂಬದ ಆಶ್ರಯವೂ ತಪ್ಪಿಹೋದವರಿಗೆ ಅನ್ನದ ದಾರಿ ತೋರಿಸಬೇಕಾಗಿತ್ತು. ಆದುದರಿಂದ ಅವರು ನೇಯ್ಗೆಯ ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದರು. ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಹೆಂಚು ನಾಡಿನ ಎಷ್ಟು ಮನೆಗಳ ಮೇಲೆ ಕುಳಿತಿದೆಯೆಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೆ ಇದರ ಪರಿಣಾಮವಾಗಿ, ಮಿಶನ್ನಿನ ಶಾಲೆಯಲ್ಲಿ ಓದಿ, ಮಿಶನ್ನಿನ ಕಾರ್ಖಾನೆಯಲ್ಲಿ ದುಡಿದು, ಮಿಶನ್ನಿನವರ ಗುಡಿಯಲ್ಲಿ ಮದುವೆಯಾಗಿ, ಅವರ ಸ್ಮಶಾನದಲ್ಲಿಯೇ ಮಣ್ಣಾಗುವ ಒಂದು ಜೀವನಕ್ರಮ ಸಿದ್ಧವಾಯಿತು. ಅಂಥಲ್ಲಿ, ನೀನು ನಂಬುವುದೇನೆಂದು ಒಬ್ಬನನ್ನು ಪ್ರತ್ಯೇಕವಾಗಿ ಕೇಳುವ ಪ್ರಮೇಯವೇ ಬರುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ಚರಿತ್ರೆ. ೧೯೧೪ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದ ಪ್ರಜೆಗಳಾದರು. ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳೂ ವ್ಯಾಪಾರವೂ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟೆಂಬ ಇಂಗ್ಲಿಷ್ ಸಂಸ್ಥೆಯ ಕೈಸೇರಿದುವು. ಪಾದ್ರಿಗಳು ಮರಳಿ ಬರುವುದಕ್ಕೆ ಹಲವು ವರ್ಷಗಳೇ ಹಿಡಿದುವು. ಎಂಬತ್ತು ವರ್ಷ ತಲೆಯ ಮೇಲಿದ್ದ ಚಪ್ಪರ ಒಮ್ಮೆಗೇ ಕಳಚಿತು. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಗಳ ಸಭೆಗಳು ಆಗ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಯಿತು: ದೊರೆಗಳು ಹೋದರು, ನಾವು ಯಾರು? ಕಷ್ಟಗಳು ಬಂದುವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗುಡಿಗಳ ಬಾಗಿಲು ಮುಚ್ಚಲಿಲ್ಲ. ಕನ್ನಡದ ಸಭಾಪಾಲಕರೂ ಹಿರಿಯರೂ ಆ ಭಾರಕ್ಕೆ ಹೆಗಲು ಕೊಟ್ಟರು. ಪೋಷಕರಿಲ್ಲದೆ ನಿಲ್ಲಬಲ್ಲೆವೆಂಬುದು ಪೋಷಕರು ಹೋದ ಮೇಲಲ್ಲದೆ ತಿಳಿಯುವುದಿಲ್ಲ.

ಆ ಕಾಲದಲ್ಲಿ ಆ ಸಭೆಯ ಸೇವೆಯಲ್ಲಿದ್ದವರಲ್ಲಿ ಒಬ್ಬರು ಉತ್ತಂಗಿ ಚನ್ನಪ್ಪನವರು. ೧೮೮೧ರಲ್ಲಿ ಧಾರವಾಡದಲ್ಲಿ ಕ್ರೈಸ್ತ ಮನೆತನದಲ್ಲಿ ಜನಿಸಿದ ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಬಾಳಿದರು, ೧೯೬೨ರಲ್ಲಿ ತೀರಿಕೊಂಡರು. ನಮ್ಮಲ್ಲಿ ಅವರ ಹೆಸರು ಪ್ರಸಿದ್ಧವಾಗಿರುವುದು ಸರ್ವಜ್ಞನಿಂದ. ಊರೂರು ತಿರುಗಿ, ಓಲೆಗರಿಗಳನ್ನು ತಡಕಿ, ಜನರ ಬಾಯಲ್ಲಿದ್ದುದನ್ನು ಆಲಿಸಿ, ಚೆದುರಿಹೋಗಿದ್ದ ತ್ರಿಪದಿಗಳನ್ನು ಕೂಡಿಸಿ ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ೧೯೪೯ರಲ್ಲಿ ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು.

ಕ್ರೈಸ್ತ ಪಾದ್ರಿಗೆ ಸರ್ವಜ್ಞನೇಕೆ, ಶಿವಶರಣರ ವಚನಗಳೇಕೆ ಎಂದು ಅವರ ಕಾಲದಲ್ಲಿ ಕೇಳಿದವರು ಇದ್ದಿರಬಹುದು, ಇಂದೂ ಕೇಳುವವರುಂಟು. ನನಗೆ ತೋರುವ ಉತ್ತರ ಹೀಗಿದೆ. ಉತ್ತಂಗಿಯವರಿಗೆ ಕ್ರಿಸ್ತನು ಹಡಗಿನಲ್ಲಿ ಬಂದ ಸಾಮಾನಾಗಿರಲಿಲ್ಲ. ತಾನು ನಂಬಿದವನಿಗೂ ತಾನು ಹುಟ್ಟಿದ ನಾಡಿಗೂ ಇರುವ ಸಂಬಂಧವೇನೆಂಬುದನ್ನು ತಾನೇ ವಿಚಾರಮಾಡಿ ತಿಳಿಯಬೇಕೆಂದು ಅವರು ಹೊರಟರು. ಬನಾರಸಿನ ಹೆಸರನ್ನೂ ಬೆತ್ಲೆಹೇಮಿನ ಹೆಸರನ್ನೂ ಜೊತೆಗಿಟ್ಟು ಯೋಚಿಸಿದರು. ಅವರ ತೀರ್ಮಾನಗಳು ಅವರ ಸಭೆಯ ಎಲ್ಲರಿಗೂ ಹಿಡಿಸಿರಲಾರವು. ಸಭೆಯ ಹೊರಗಿನ ಎಲ್ಲರಿಗೂ ಹಿಡಿಸಿರಲಾರವು. ಆದರೆ ಅವು ಎರವಲಿನ ತೀರ್ಮಾನಗಳಲ್ಲ. ತಾನು ನಿಂತ ನೆಲ ತನ್ನದೆಂಬ ಖಾತರಿ ಉಳ್ಳವನೇ ನೆರೆಯವನ ಹೊಲಕ್ಕೆ ಕೈಮುಗಿಯಬಲ್ಲ. ಎರವಲು ವಿಶ್ವಾಸದವನಿಗೆ ಆ ಧೈರ್ಯವಿರುವುದಿಲ್ಲ. ಒಂದೋ ಅವನು ಬೇಲಿಯನ್ನು ಎತ್ತರಿಸುತ್ತ ಹೋಗುತ್ತಾನೆ, ಇಲ್ಲವೆ ಹೊಲವನ್ನೇ ಬಿಟ್ಟು ಹೋಗುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ನನ್ನ ವಿಶ್ವಾಸಕ್ಕೆ ನಾನೇ ಹೊಣೆ ಎಂದೊಡನೆ, ನನಗೆ ತೋಚಿದ್ದೇ ಧರ್ಮ, ಸಭೆ ಬೇಡ, ಹಿರಿಯರು ಬೇಡ ಎಂಬ ಸ್ವೇಚ್ಛೆಗೆ ಬಾಗಿಲು ತೆರೆದಂತಾಗಲಿಲ್ಲವೆ? ಆಕ್ಷೇಪಣೆ ಯುಕ್ತವಾದದ್ದು. ಆದರೆ ಹೊಣೆ ಬೇರೆ, ಒಡೆತನದ ಅಹಂಕಾರ ಬೇರೆ. ಪೌತಿ ಖಾತೆ ಮಾಡಿಸಿಕೊಂಡವನು ಭೂಮಿಯನ್ನು ಸೃಷ್ಟಿಸಲಿಲ್ಲ; ಬೀಜವನ್ನೂ ಸೃಷ್ಟಿಸಲಿಲ್ಲ; ಕೆರೆಯ ನೀರು ಊರಿನದು. ಅವನು ಹೇಳುವುದು ಇಷ್ಟೇ—ಈ ಹೊಲ ಬೀಳು ಬಿದ್ದರೆ ಕೇಳಬೇಕಾದವನು ನಾನು. ತಿಮೊಥೆಯನಿಗೆ ಬರೆದ ಕಾಗದದಲ್ಲಿ ಪೌಲನು ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸಿ ಅವರಲ್ಲಿದ್ದ ನಂಬಿಕೆಯನ್ನು ಕೊಂಡಾಡುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸದೆ, ನಿನ್ನಲ್ಲಿರುವ ವರವೆಂಬ ಬೆಂಕಿಯನ್ನು ನೀನು ಉರಿಸು ಎಂಬರ್ಥದ ಮಾತನ್ನು ಕೂಡಲೇ ಸೇರಿಸುತ್ತಾನೆ. ಕೆಂಡ ಅಜ್ಜಿಯದು, ಊದಬೇಕಾದ ಉಸಿರು ಮೊಮ್ಮಗನದು.

ನಮ್ಮ ನಗರಜೀವನವು ಈ ಹೊಣೆಯನ್ನು ಈಗ ಹೆಚ್ಚು ಅವಶ್ಯಕಗೊಳಿಸಿದೆ. ಹಳ್ಳಿಯಲ್ಲಿ ಒಬ್ಬನು ಎರಡು ಭಾನುವಾರ ಗುಡಿಗೆ ಹೋಗದಿದ್ದರೆ ಮೂರನೆಯ ದಿನ ಹಿರಿಯರೊಬ್ಬರು ಜಗಲಿಗೆ ಬಂದು ಕೂತು ಕಾರಣ ಕೇಳುತ್ತಿದ್ದರು. ಇಡೀ ಕೇರಿಯ ವಿಶ್ವಾಸ ಒಬ್ಬೊಬ್ಬನನ್ನೂ ಎತ್ತಿ ಹಿಡಿದಿತ್ತು. ಬೆಂಗಳೂರಿನ ಪಶ್ಚಿಮಭಾಗದ ಬಡಾವಣೆಗಳಿಗೆ ಹಾಸನ, ಮಂಡ್ಯ, ತುಮಕೂರು, ಧಾರವಾಡ, ಮಂಗಳೂರುಗಳಿಂದ ಬಂದು ನೆಲಸಿದ ಕುಟುಂಬಗಳ ಪಾಡು ಬೇರೆ. ಮೆಟ್ರೋ ರೈಲು ೨೦೧೫ರಲ್ಲಿ ವಿಜಯನಗರವನ್ನೂ ೨೦೨೧ರಲ್ಲಿ ಕೆಂಗೇರಿಯನ್ನೂ ಮುಟ್ಟಿತು. ಭಾನುವಾರ ಬೆಳಗ್ಗೆ ಆ ಗಾಡಿಯಲ್ಲಿ ಕುಳಿತವನು ದೇವಾಲಯಕ್ಕೆ ಹೋಗುತ್ತಾನೋ ಅಂಗಡಿಗೆ ಹೋಗುತ್ತಾನೋ ಯಾರೂ ಕೇಳರು. ಕೇಳುವವರಿಲ್ಲದ ಊರಿನಲ್ಲಿ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಭಾರತದ ಸಂವಿಧಾನವು ತನ್ನ ೨೫ನೆಯ ಅನುಚ್ಛೇದದಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಕೊಟ್ಟಿದೆ. ಅಂತಃಸಾಕ್ಷಿ ಎಂಬುದನ್ನು ಹುಡುಕಿಕೊಳ್ಳುವ ಕೆಲಸವನ್ನು ಮಾತ್ರ ಯಾವ ಸಂವಿಧಾನವೂ ನಮಗಾಗಿ ಮಾಡಿಕೊಡಲಾರದು.

ವಿಜಯನಗರದ ಮಗ್ಗುಲಲ್ಲೇ ಬಸವೇಶ್ವರನಗರವಿದೆ. ಆ ಹೆಸರಿನ ಮಹಾಪುರುಷರು ಹನ್ನೆರಡನೆಯ ಶತಮಾನದಲ್ಲಿ ಇಷ್ಟಲಿಂಗವನ್ನು ಒಬ್ಬೊಬ್ಬರ ಅಂಗೈಯಲ್ಲಿಟ್ಟು, ದೇವರಿಗೂ ಭಕ್ತನಿಗೂ ನಡುವೆ ಪೂಜಾರಿಯ ಕೈ ಬೇಡವೆನ್ನುವಂತೆ ಮಾಡಿದರು. ಮತ ಬೇರೆಯಾದರೂ, ಆ ಬಡಾವಣೆಯ ಹೆಸರನ್ನು ದಿನಕ್ಕೆ ಎರಡು ಬಾರಿ ಬಸ್ಸಿನ ಫಲಕದಲ್ಲಿ ಓದುವ ನನ್ನಂಥವನಿಗೆ ಅದು ಸಾಕಷ್ಟು ಪಾಠ. ನಮಗಾಗಿ ಬೇರೊಬ್ಬರು ಉಣ್ಣಲಾರರು. ನಮಗಾಗಿ ಬೇರೊಬ್ಬರು ನಂಬಲೂ ಆರರು.

ಹಾಗಾದರೆ ಈ ಹೊಣೆಯನ್ನು ಹೊರುವುದು ಹೇಗೆ? ನನಗೆ ಗೊತ್ತಿರುವ ಮೂರು ಸಣ್ಣ ದಾರಿಗಳನ್ನು ಹೇಳುತ್ತೇನೆ.

ಮೊದಲನೆಯದು, ತಾನೇ ಓದುವುದು. ಬಳ್ಳಾರಿಯಲ್ಲಿ ನೆಲಸಿದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರ ವೇಳೆಗೆ ಸತ್ಯವೇದ ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಆಮೇಲೆ ಅದು ಹಲವು ಬಾರಿ ತಿದ್ದುಪಾಟು ಹೊಂದಿತು. ಓದಿ ಹೇಳುವವರನ್ನು ಕಾಯದೆ ಒಬ್ಬೊಬ್ಬನೂ ತಾನೇ ಓದಲೆಂಬುದೇ ಅಷ್ಟು ದುಡಿಮೆಯ ಗುರಿ. ಇಂದು ನಮ್ಮ ಅನೇಕ ಮನೆಗಳಲ್ಲಿ ಪುಸ್ತಕವಿದೆ, ಮಕ್ಕಳಿಗೆ ಕನ್ನಡದ ಅಕ್ಷರ ತಡವರಿಸುತ್ತದೆ. ಯಾವ ಭಾಷೆಯಲ್ಲಾದರೂ ಸರಿ. ಕಷ್ಟವಾದ ಅಧ್ಯಾಯವನ್ನು ಹಾರಿಸದೆ, ಒಪ್ಪಿಗೆಯಾಗದ ಮಾತನ್ನು ಮುಚ್ಚಿಡದೆ ಓದಬೇಕು. ಸಂಶಯ ಬಂದರೆ ಅದನ್ನು ಸಂಶಯವೆಂದೇ ಹೇಳಬೇಕು. ಕೇಳಿಕೊಂಡ ಸಂಶಯವು ಕೇಳದೆ ನುಂಗಿದ ಉತ್ತರಕ್ಕಿಂತ ವಿಶ್ವಾಸಕ್ಕೆ ಹತ್ತಿರವಾದದ್ದು.

ಎರಡನೆಯದು, ತನ್ನ ಮಾತಿನಲ್ಲಿ ಪ್ರಾರ್ಥಿಸುವುದು. ಹಿರಿಯರ ಪ್ರಾರ್ಥನೆಗಳನ್ನು ನಾನು ಹಳಿಯುವವನಲ್ಲ. ಕಲಿಯುವ ಬಾಯಿಗೆ ಅವೇ ತೊದಲು. ಆದರೆ ದಿನದಲ್ಲಿ ಒಂದು ಮಾತಾದರೂ, ಎಷ್ಟೇ ಮೊಂಡಾಗಿದ್ದರೂ, ತನ್ನದಾಗಿರಬೇಕು.

ಮೂರನೆಯದು, ನಡೆ. ಮಾಗಡಿ ರಸ್ತೆಯ ಬದಿಯಲ್ಲಿ ಸುಮನಹಳ್ಳಿ ಎಂಬ ಸ್ಥಳವಿದೆ. ೧೯೭೦ರ ದಶಕದ ಕೊನೆಯಲ್ಲಿ, ಸರಕಾರದ ನೆರವಿನಿಂದ, ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತವು ಕುಷ್ಠರೋಗದಿಂದ ನೊಂದವರ ಪುನರ್ವಸತಿಗೆ ಅದನ್ನು ಆರಂಭಿಸಿತು. ಆ ಹೆಸರು ಈಗ ಮೇಲುಸೇತುವೆಗೂ ಬಸ್ ನಿಲ್ದಾಣಕ್ಕೂ ಹರಡಿಕೊಂಡು, ಅದರ ಮೂಲವನ್ನು ಎಷ್ಟೋ ಮಂದಿ ಮರೆತಿದ್ದಾರೆ. ಜನರು ದೂರವಿಟ್ಟ ಕೈಯನ್ನು ಹಿಡಿದು ಗಾಯ ತೊಳೆಯುವವನಿಗೆ ಅಜ್ಜನ ವಿಶ್ವಾಸ ಆ ಹೊತ್ತಿನಲ್ಲಿ ಒದಗುವುದಿಲ್ಲ, ಬೇಕಾದದ್ದು ಅವನದೇ. ದೊಡ್ಡ ಸೇವೆ ಎಲ್ಲರಿಗೂ ಸಾಧ್ಯವಿಲ್ಲದಿರಬಹುದು. ಆದರೆ ನನಗೆ ನಷ್ಟವಾದರೂ ಸುಳ್ಳು ಲೆಕ್ಕ ಬರೆಯಲಾರೆನೆಂದು ಒಂದು ದಿನ ಕಚೇರಿಯಲ್ಲಿ ಹೇಳಬೇಕಾಗಿ ಬಂದಾಗ, ನಮ್ಮ ಖಾತೆ ಯಾರ ಹೆಸರಿನಲ್ಲಿದೆಯೆಂಬುದು ಬಯಲಾಗುತ್ತದೆ.

ಕಡೆಯದಾಗಿ ಮತ್ತೆ ನನ್ನ ಮನೆಗೆ ಬರುತ್ತೇನೆ. ನನ್ನ ಮಗಳಿಗೆ ಈಗ ಹದಿನಾರು ವರ್ಷ. ಕಳೆದ ವರ್ಷ ಅವಳ ಜೊತೆಯವರೆಲ್ಲ ದೃಢೀಕರಣಕ್ಕೆ ನಿಂತರು. ಅವಳು ಪಾಠಗಳಿಗೆಲ್ಲ ತಪ್ಪದೆ ಹೋದಳು. ದಿನ ಗೊತ್ತಾದಮೇಲೆ ಒಂದು ರಾತ್ರಿ ನನ್ನ ಬಳಿ ಬಂದು, “ಅಪ್ಪಾ, ಈ ವರ್ಷ ನಾನು ನಿಲ್ಲುವುದಿಲ್ಲ. ಅಲ್ಲಿ ‘ನಂಬುತ್ತೇನೆ’ ಅನ್ನಬೇಕು. ಅದನ್ನು ಅನ್ನೋದಕ್ಕೆ ನನಗೆ ಇನ್ನೂ ಆಗುತ್ತಿಲ್ಲ” ಎಂದಳು. ನನಗೆ ಮೊದಲು ಬಂದದ್ದು ಕೋಪ. ಸಭೆಯವರು ಏನೆನ್ನುತ್ತಾರೆ, ಅಜ್ಜಿಗೆ ಏನು ಹೇಳಲಿ ಎಂದೆಲ್ಲ ಗದರಿದೆ. ಅವಳು ಅಳಲಿಲ್ಲ;“ಸುಳ್ಳು ಹೇಳಲಾ?” ಎಂದಷ್ಟೇ ಕೇಳಿದಳು. ಹದಿನಾಲ್ಕು ಮಂದಿಯ ಸಾಲಿನಲ್ಲಿ ನಿಂತು ಒಂದಕ್ಷರ ತಪ್ಪದೆ ಉತ್ತರ ಹೇಳಿದ ಹುಡುಗ ನನಗೆ ಆಗ ನೆನಪಿಗೆ ಬಂದ. ಆ ಮಾತಿನ ತೂಕವನ್ನು ಅವನು ಅರಿತಿರಲಿಲ್ಲ, ಇವಳು ಅರಿತಿದ್ದಾಳೆ. ಆಮೇಲೆ ನಾನು ಒತ್ತಾಯಿಸಲಿಲ್ಲ. ನಮ್ಮ ತಾಯಿಯವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ನಿನಗೆ ಬೇಡಿಕೊಂಡದ್ದನ್ನೇ ನೀನೂ ಅವಳಿಗೆ ಬೇಡಿಕೊ” ಎಂದರು.

ಹಾಗೆಯೇ ಮಾಡುತ್ತಿದ್ದೇನೆ. ಎಂಟು ಗಂಟೆಗೆ ಈಗಲೂ ಕೂಡುತ್ತೇವೆ. ಅಧ್ಯಾಯವನ್ನು ಒಮ್ಮೊಮ್ಮೆ ಮಗಳೇ ಓದುತ್ತಾಳೆ. ನನಗಿಂತ ಸ್ಪಷ್ಟವಾಗಿ ಓದುತ್ತಾಳೆ. ಓದಿ ಮುಗಿದಮೇಲೆ ನನ್ನಿಂದ ಉತ್ತರ ಹೇಳಲಾಗದ ಪ್ರಶ್ನೆಗಳನ್ನೂ ಕೇಳುತ್ತಾಳೆ. ನನ್ನ ಪ್ರಾರ್ಥನೆ ತಂದೆಯವರದರಂತೆ ನಿರರ್ಗಳವಲ್ಲ. ನಡುನಡುವೆ ತಡೆಯುತ್ತದೆ. ಮಗಳ ಹೆಸರು ಬರುವ ಕಡೆ ತಂದೆಯವರ ಮಾತನ್ನೇ ಹೇಳುತ್ತೇನೆ—ಇವಳು ನಿನ್ನನ್ನು ತಾನಾಗಿ ಅರಿಯಲಿ ಎಂದು. ಅದಾದಮೇಲೆ ನನಗಾಗಿ ಒಂದು ಮಾತು. ಅದು ನನ್ನದೇ.